ಗುಳಿಗಿ ಪಾಲು

ಗುಡೇಕೋಟೆಯ ಯರ್ರಿಸ್ವಾಮಿ ಪಾಲು ಹಾಕಿದನೆಂದರೆ ತಕ್ಕಡಿ ತರುವ ಮಾತೇ ಇರಲಿಲ್ಲ. ಹತ್ತು ಮನೆಯವರು ಕೂಡಿ ಒಂದು ಟಗರು ಕೊಯ್ದರೆ ಸುಲಿಯುವವರು ಯಾರಾದರೂ ಆಗಬಹುದು, ತುಂಡು ಮಾಡುವವರು ಯಾರಾದರೂ ಆಗಬಹುದು, ಪಾಲು ಹಾಕಲು ಮಾತ್ರ ಅವನೇ ಬೇಕು. ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿಕೊಂಡು ಕುಕ್ಕರಗಾಲಿನಲ್ಲಿ ಕೂರುವನು. ಎಲುಬಿಗೆ ಎಲುಬು, ಮೆತ್ತಗಿನದಕ್ಕೆ ಮೆತ್ತಗಿನದು, ಪ್ರತಿ ಗುಡ್ಡಿಗೂ ಬೆರಳುಗಾತ್ರ ಈಲಿಯ ತುಂಡು, ಒಂದಿಷ್ಟು ಕೊಬ್ಬು. ಹಾಕುತ್ತ ಹಾಕುತ್ತ ಒಂದು ಗುಡ್ಡಿಯಿಂದ ಚೂರೊಂದನ್ನು ಎತ್ತಿ ಇನ್ನೊಂದಕ್ಕೆ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ವಾಪಸ್ಸು ತೆಗೆಯುವನು. ಒಮ್ಮೆ ಊರಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಅನುಮಾನಪಟ್ಟು ಅಂಗಡಿಯ ತಕ್ಕಡಿ ತರಿಸಿ ಎರಡು ಗುಡ್ಡಿ ತೂಗಿಸಿದರು. ಒಂದು ಹುಣಸೆಬೀಜದಷ್ಟು ಹೆಚ್ಚುಕಮ್ಮಿ ಬಂತಂತೆ. ಮೇಷ್ಟ್ರು ಸುಮ್ಮನೆ ತಮ್ಮ ಪಾಲು ಎತ್ತಿಕೊಂಡು ಹೋದರು.

ಪಾಲಿಗೆ ಎರಡು ಕಟ್ಟಳೆ. ಹಾಕಿದವನು ಎಲ್ಲರಾದ ಮೇಲೆ ಕಡೆಗೆ ತಗೋಬೇಕು. ಉಳಿದವರು ಆರಿಸಿಕೊಂಡ ಮೇಲೆ ಏನು ಉಳಿಯಿತೋ ಅದು ಅವನದು. ಹಾಗಾಗಿ ಪಾಲಿನಲ್ಲಿ ಮೋಸ ಬರುವುದಿಲ್ಲ. ಇನ್ನೊಂದು, ಜನ ಆರಿಸುವಾಗ ಹಾಕಿದವನು ಎತ್ತುವ ಕೈಯನ್ನು ನೋಡಬಾರದು. ನೋಡಿದರೆ ಎತ್ತುವವನಿಗೆ ಸಂಕೋಚ. ಯರ್ರಿಸ್ವಾಮಿ ಕೊನೆಯ ಚೂರು ಇಟ್ಟವನೇ ಎದ್ದು, ಬೆನ್ನು ತಿರುಗಿಸಿ, ಕೈ ತೊಳೆಯಲು ಹೋಗುವನು.

ಇಂಥವನ ಕೈಗೆ ಒಂದು ದಿನ ತೊಗರಿಬೇಳೆಗಿಂತ ತುಸು ದೊಡ್ಡದಾದ ಬಿಳಿ ಗುಳಿಗಿಯೊಂದು ಬಂತು.

ಅವನ ಹೆಂಡತಿ ಸುಂಕಮ್ಮನಿಗೆ ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ಹೃದಯದ ಆಪರೇಷನ್ ಆಗಿತ್ತು. ಸಣ್ಣಾಕೆ ಇದ್ದಾಗ ಬಂದ ಕೀಲುಜ್ವರ ಎದೆಯೊಳಗಿನ ಬಾಗಿಲೊಂದನ್ನು ಕೆಡಿಸಿತ್ತಂತೆ. ಅದನ್ನು ತೆಗೆದು ಲೋಹದ್ದು ಕೂರಿಸಿದ್ದರು. ಪಕ್ಕದಲ್ಲಿ ಕೂತು ಕಿವಿಗೊಟ್ಟರೆ ಅವಳ ಎದೆಯಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳುತ್ತಿತ್ತು. ಆ ಬಾಗಿಲಿಗೆ ರಕ್ತ ಹೆಪ್ಪುಗಟ್ಟಿ ಅಂಟಬಾರದು ಅಂತ ಬದುಕಿರುವ ತನಕ ರಕ್ತ ತೆಳ್ಳಗೆ ಮಾಡುವ ಗುಳಿಗಿ. ಹೆಚ್ಚಾದರೆ ರಕ್ತ ಸೋರುತ್ತದೆ, ಕಮ್ಮಿಯಾದರೆ ಗಟ್ಟಿಯಾಗುತ್ತದೆ, ನಡುವೆ ಒಂದು ಸಣ್ಣ ದಾರಿ ಇದೆ, ಆ ದಾರಿಯ ಮೇಲೆಯೇ ನಡೆಸಬೇಕು ಅಂತ ಡಾಕ್ಟರು ಹೇಳಿದ್ದರು. ಸಂಕ್ರಾಂತಿ ಹತ್ತಿರ ಬಂದಾಗ ಅವಳ ವಸಡಿನಲ್ಲಿ ರಕ್ತ ಕಾಣಿಸಿತು. ಪರೀಕ್ಷೆ ಮಾಡಿ, ದಿನಕ್ಕೊಂದು ಇದ್ದದ್ದನ್ನು ಅರ್ಧ ಮಾಡಿ ಬರೆದುಕೊಟ್ಟರು.

ಕೂಡ್ಲಿಗಿಯಲ್ಲಿ ಬಸ್ಸಿಳಿದು ಮೆಡಿಕಲ್ ಶಾಪಿನ ಪ್ರವೀಣಕುಮಾರನ ಹತ್ತಿರ ಗುಳಿಗಿ ತಗೊಂಡಾಗ ಯರ್ರಿಸ್ವಾಮಿ ಗುಳಿಗಿಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದ್ರಾಗ ನಡುವ ಗೀರೇ ಇಲ್ಲಲ್ಲಪಾ."

"ಕಂಪನಿ ಬ್ಯಾರೇದು ಯರ್ರಿಸ್ವಾಮಣ್ಣ, ಔಷಧಿ ಅದೇ. ಹುಷಾರಾಗಿ ಎರಡು ಮಾಡು. ಒಂದರ್ಧ ಇವತ್ತು, ಅದರದೇ ಇನ್ನೊಂದರ್ಧ ನಾಳಿ. ಸಣ್ಣದು ದೊಡ್ಡದು ಆದ್ರೂ ಎರಡು ದಿನಕ್ಕ ಸರಿಹೋಗತೈತಿ."

"ಪಾಲು ಹಾಕೋದು ನನಗ ಹೇಳಿಕೊಡ್ತಿಯಾ?" ಅಂತ ಯರ್ರಿಸ್ವಾಮಿ ನಕ್ಕ.

ನಗು ಮನೆ ಮುಟ್ಟುವ ತನಕ ಮಾತ್ರ ಇತ್ತು. ಮೊದಲನೆಯ ಗುಳಿಗಿಯನ್ನು ಎರಡು ಹೆಬ್ಬೆರಳಿನ ಉಗುರು ಕೊಟ್ಟು ಒತ್ತಿದ. ಮೂರು ಚೂರಾಗಿ, ಉಳಿದದ್ದು ಹಿಟ್ಟಾಯಿತು. ಸುಂಕಮ್ಮ ಒಲೆ ಮುಂದೆ ಕೂತು ನೋಡುತ್ತಿದ್ದಳು. ಗಂಡನನ್ನು ಮಗಳ ಹೆಸರು ಹಿಡಿದೇ ಕರೆಯುವವಳು.

"ಊರಿಗೆಲ್ಲಾ ಪಾಲು ಹಾಕಾವ, ಒಂದು ಗುಳಿಗಿ ಮುಂದ ಸೋತ್ಯಲ್ಲೋ ಭೂಮಿಕಾನಪ್ಪಾ!"

"ಟಗರಾದ್ರ ಎಲುಬು ಎಲ್ಲೈತಿ, ಸಂದು ಎಲ್ಲೈತಿ ಅಂತ ಗೊತ್ತಿರತೈತಿ ಲೇ. ಇದ್ರಾಗ ಸಂದು ಎಲ್ಲಿ ಹುಡುಕ್ಲಿ?"

"ಡಾಕ್ಟ್ರಿಗೆ ಫೋನ್ ಹಚ್ಚಿ ಕೇಳು. ಗುಳಿಗಿ ಸಂದು ಎಲ್ಲೈತ್ರಿ ಅಂತ."

ಮಾರನೆಯ ದಿನ ಅಡಕತ್ತರಿ ತಂದ. ಅಡಕೆ ಕತ್ತರಿಸುವ ಹಾಗೆ ನಡುವೆ ಇಟ್ಟು ಒತ್ತಿದ್ದೇ ತಡ, ಒಂದು ಹೋಳು ಟಣ್ಣನೆ ಹಾರಿ ಬಾಗಿಲಾಚೆ ಬಿತ್ತು. ಅದನ್ನು ಹುಡುಕುವಷ್ಟರಲ್ಲಿ ಕೆಂಚ ಕೋಳಿಯೊಂದು ಬಂದು ಕುಕ್ಕಿ ನುಂಗಿ, ಏನೂ ಆಗಿಲ್ಲವೆಂಬಂತೆ ಕಾಲು ಕೆರೆಯತೊಡಗಿತು. ಸುಂಕಮ್ಮ ಆಪರೇಷನ್ನಿನ ಗಾಯದ ಮೇಲೆ ಕೈಯಿಟ್ಟುಕೊಂಡು ನಕ್ಕಳು.

"ಅದ್ರ ರಕ್ತ ತೆಳ್ಳಗಾತು ನೋಡು. ಇನ್ನ ಅದನ್ನ ದಾವಣಗೆರಿಗೆ ಕರ್ಕಂಡು ಹೋಗಿ ಟೆಸ್ಟ್ ಮಾಡಿಸು."

"ನಗಬ್ಯಾಡಲೇ, ಎದಿ ನೋಯ್ತೈತಿ."

"ನಗಸಬ್ಯಾಡ ಹಂಗಾರ."

ಕುರಿ ಉಣ್ಣೆ ಕತ್ತರಿ ನೋಡಿದ. ದೊಡ್ಡದಾಯಿತು. ಬೇಯಿಸಿದ ತತ್ತಿಯನ್ನು ಕುಯ್ಯುವ ಹಾಗೆ ದಾರ ಸುತ್ತಿ ಎಳೆದ. ದಾರ ಹರಿಯಿತು. ಗಡ್ಡ ಹೆರೆಯುವ ಬ್ಲೇಡು ನೋಡಿದ. ಬ್ಲೇಡು ಸರಿ, ಆದರೆ ಇಡುವಾಗ ಗುಳಿಗಿ ಉರುಳುತ್ತಿತ್ತು, ಬೆರಳು ಕುಯ್ದಿತು. ಹೀಗೆ ನಾಲ್ಕಾರು ಗುಳಿಗಿ ಹಾಳಾದ ಮೇಲೆ ಅವನಿಗೆ ನಿಜವಾಗಿ ಛಲ ಬಂತು. ಬೇವಿನ ಹಲಗೆಯ ತುಂಡೊಂದನ್ನು ಹಿಡಿದುಕೊಂಡು ಕುರಿ ಕಾಯಲು ಹೋದ. ಗುಡ್ಡದ ಬುಡದಲ್ಲಿ ಕುರಿ ಮೇಯುತ್ತಿರುವಾಗ ಬಂಡೆಯ ಮೇಲೆ ಕೂತು ಎರಡು ದಿನ ಕೊರೆದ. ಗುಳಿಗಿ ಅಲುಗದ ಹಾಗೆ ಕೂರುವ ಒಂದು ಸಣ್ಣ ಕುಳಿ. ಆ ಕುಳಿಯ ನಟ್ಟನಡುವೆ ಬ್ಲೇಡು ಇಳಿಯುವಷ್ಟೇ ಅಗಲದ ಒಂದು ಸೀಳು. ಮೂರನೆಯ ದಿನ ಬೆಳಿಗ್ಗೆ ಗುಳಿಗಿಯನ್ನು ಕುಳಿಯಲ್ಲಿ ಕೂರಿಸಿ, ಸೀಳಿನಲ್ಲಿ ಬ್ಲೇಡು ನಿಲ್ಲಿಸಿ, ಅದರ ಬೆನ್ನಿಗೆ ಸಣ್ಣ ಕಲ್ಲಿನಿಂದ ಒಂದೇ ಏಟು ಕೊಟ್ಟ. ಕಟ್ಟೆಂದು ಎರಡಾಯಿತು. ಹಿಟ್ಟು ಉದುರಿದ್ದು ಬೆರಳ ತುದಿಗೂ ಹತ್ತದಷ್ಟು.

ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಹೆಂಡತಿಯ ಮುಂದೆ ಹಿಡಿದ. ಒಂದು ಕೂದಲೆಳೆ ದೊಡ್ಡದು, ಒಂದು ಕೂದಲೆಳೆ ಸಣ್ಣದು. ಅಷ್ಟಂತೂ ಬಂದೇ ಬರುತ್ತದೆ.

"ಹೂಂ, ಆರಿಸ್ಕ."

"ಇದ್ರಾಗೂ ಆರಿಸೋದಾ?"

"ಪಾಲು ಪಾಲೇ. ಹಾಕಿದಾವ ಕಡೀಕೆ."

"ಹಂಗಾರ ಉಳದದ್ದು ನೀ ನುಂಗ್ತಿಯೇನು?"

ಯರ್ರಿಸ್ವಾಮಿ ಅಭ್ಯಾಸಬಲದಿಂದ ಮುಖ ಆಚೆ ತಿರುಗಿಸಿದ. ಅಂಗೈಯಲ್ಲಿ ಅವಳ ಬೆರಳು ಆಡಿತು. ಒಂದನ್ನು ಎತ್ತಿ ನೀರು ಕುಡಿದಳು. ಉಳಿದದ್ದನ್ನು ನಾಳೆಗೆಂದು ಗೂಡಿನಲ್ಲಿಟ್ಟ. ಮೂರು ವಾರ ಹಾಗೆ ನಡೆಯಿತು. ದಾವಣಗೆರೆಯಲ್ಲಿ ಮತ್ತೆ ರಕ್ತ ನೋಡಿ, "ಸರಿ ಅಳತಿಗೆ ಬಂದೈತಿ, ಇನ್ನ ತಿಂಗಳು ಬಿಟ್ಟು ಬರ್ರಿ" ಅಂದರು. ಬಸ್ಸಿನಲ್ಲಿ ಬರುವಾಗ ಯರ್ರಿಸ್ವಾಮಿ ಬೇವಿನ ಹಲಗೆಯ ಸುದ್ದಿಯನ್ನು ಪಕ್ಕದ ಸೀಟಿನವರಿಗೂ ಹೇಳಿದ.

ಅಷ್ಟರಲ್ಲಿ ಸುಗ್ಗಿ ಮುಗಿದು ಕುರಿ ಹೊರಡುವ ಕಾಲ ಬಂತು. ಪ್ರತಿ ವರ್ಷ ಅವನೂ ಅವನ ದೊಡ್ಡಪ್ಪನ ಮಗ ಬೆನಕಪ್ಪನೂ ಇಬ್ಬರ ಹಿಂಡು ಕೂಡಿಸಿಕೊಂಡು ಕೋಗಳಿ ಸೀಮೆಯ ಎರೆಹೊಲಗಳಲ್ಲಿ ತರುಬಲು ಹೋಗುತ್ತಿದ್ದರು. ಒಂದೊಂದು ಹೊಲದಲ್ಲಿ ನಾಲ್ಕಾರು ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರಿಯವರಿಗೆ ಜೋಳ. ಎರಡು ತಿಂಗಳ ಮಾತು. ಆಪರೇಷನ್ ಆದಂದಿನಿಂದ ಯರ್ರಿಸ್ವಾಮಿ ಹೋಗಿರಲಿಲ್ಲ. ಈ ಸಲ ಸುಂಕಮ್ಮನೇ ಹೊರಡಿಸಿದಳು.

"ಬೆನಕಪ್ಪ ಒಬ್ಬನಾ ಎಷ್ಟಂತ ನೋಡ್ಯಾನು? ಹೋಗು. ನನಗೇನಾಗೈತಿ? ಬಾಜೂಕ ಕಲ್ಯಾಣಕ್ಕ ಅದಾಳ. ಶನಿವಾರ ಭೂಮಿಕಾ ಬರತಾಳ."

ಭೂಮಿಕಾ ಅವರ ಒಬ್ಬಳೇ ಮಗಳು. ಕೊಟ್ಟೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು.

"ಗುಳಿಗಿ ಯಾರು ಒಡೀತಾರ?"

"ಒಡದಿಟ್ಟು ಹೋಗು. ನನ್ನ ಕೈ ನಡುಗ್ತಾವು. ನಾ ಒಡದ್ರ ಕೋಳೀಗೇ ಸೈ."

ಹೊರಡುವ ದಿನ ಬೆಳಿಗ್ಗೆ ಯರ್ರಿಸ್ವಾಮಿ ಹಲಗೆ ಹಿಡಿದು ಕೂತ. ಎರಡು ತಿಂಗಳಿಗೆ ಅರವತ್ತು ಅರ್ಧ, ಅಂದರೆ ಮೂವತ್ತು ಗುಳಿಗಿ. ಮೊದಲ ಹತ್ತನ್ನು ಉಸಿರು ಹಿಡಿದು ಒಡೆದ. ಹದಿನೈದರ ಹೊತ್ತಿಗೆ ಬೆನಕಪ್ಪ ಬಾಗಿಲಿಗೆ ಬಂದು ನಿಂತ.

"ಏನಲೇ, ಇನ್ನೂ ಗುಳಿಗಿ ಸುಲಿಯಾಕ ಹತ್ತೀಯೇನು? ಕುರಿ ಆಗ್ಲೇ ದಾರಿಗೆ ಬಿದ್ದಾವು. ಬಿಸಿಲೇರತೈತಿ!"

"ಬಂದೆ ತಡಿಯೋ."

ಆಮೇಲಿನವಕ್ಕೆ ಕೈ ಅವಸರ ಮಾಡಿತು. ಬ್ಲೇಡಿನ ಹರಿತವೂ ಹೋಗಿತ್ತು. ಕೆಲವು ಓರೆಯಾಗಿ ಒಡೆದವು. ಒಂದು ಕಡೆ ಎರಡು ಪಾಲು, ಇನ್ನೊಂದು ಕಡೆ ಒಂದು ಪಾಲು ಆದವೂ ಇದ್ದವು. ಟಗರಿನ ಪಾಲಾಗಿದ್ದರೆ ಅವನು ಎದ್ದು ಹೋಗುತ್ತಿರಲಿಲ್ಲ. ಆದರೆ ಪ್ರವೀಣಕುಮಾರನ ಮಾತು ನೆನಪಾಗಿ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಒಂದೇ ಗುಳಿಗಿಯ ಎರಡು ಹೋಳು, ಎರಡೂ ಅವಳ ಹೊಟ್ಟೆಗೇ ಹೋಗುವಂಥವು. ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಳ ಹಾಕಿ ಅವಳ ಕೈಗಿಟ್ಟ.

"ಸಣ್ಣವು ದೊಡ್ಡವು ಕೂಡ್ಯಾವು. ದಿನಕ್ಕೊಂದು. ಒಂದಿನ ಹೆಚ್ಚು, ಒಂದಿನ ಕಮ್ಮಿ. ಡಬ್ಬಿ ಮುಗಿಯೊಷ್ಟೊತ್ತಿಗೆ ಲೆಕ್ಕ ಸರಿ."

"ಆತು ಬಿಡು. ಬುತ್ತಿ ಮರತೀಯ ನೋಡು."

ಅವನು ಬುತ್ತಿಗಂಟು ಹೆಗಲಿಗೇರಿಸಿ ಕುರಿ ಹಿಂದೆ ನಡೆದ.

ಕೋಗಳಿ ಸೀಮೆಯಲ್ಲಿ ಆ ವರ್ಷ ಮೇವು ಚೆನ್ನಾಗಿತ್ತು. ದಿನಾ ಸಂಜೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಯರ್ರಿಸ್ವಾಮಿ ಫೋನ್ ಮಾಡುವನು.

"ಗುಳಿಗಿ ತಗಂಡ್ಯಾ?"

"ತಗಂಡೆ."

"ತಪ್ಪಿಸಿಲ್ಲಲ್ಲ?"

"ಏ ಮಾರಾಯಾ, ನೀ ಕೇಳ್ತಿ, ನಿನ್ನ ಮಗಳು ಕೇಳ್ತಾಳ, ಕಲ್ಯಾಣಕ್ಕ ದಿನಾ ಬಾಗಿಲಾಗ ನಿಂತು ಕೇಳ್ತಾಳ. ನಾನೇನು ಸಣ್ಣ ಕೂಸಾ? ಕುರಿ ಹೆಂಗದಾವ ಹೇಳು."

ಒಂದು ದಿನ, ಯಾಕೋ ಬಲಗಾಲು ಜೋಮು ಹಿಡಿದಂಗಾಗಿತ್ತು, ಈಗ ಬಿಟ್ಟಿತು ಅಂದಳು. ತಿಂಗಳಾಗುತ್ತ ಬಂತು, ರಕ್ತ ತೋರಿಸಲು ಹೋಗು ಅಂದ. ಭೂಮಿಕಾನ ಪರೀಕ್ಷೆ ಸೋಮವಾರ ಮುಗಿಯುತ್ತದೆ, ಅವಳ ಜತೆಯಲ್ಲಿ ಮಂಗಳವಾರ ಹೋಗುತ್ತೇನೆ ಅಂದಳು.

ಫೋನ್ ಬಂದದ್ದು ಶುಕ್ರವಾರ, ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತಿನಲ್ಲಿ. ಕುರಿಗಳು ಜಾಲಿಯ ನೆರಳಿನಲ್ಲಿ ತಲೆಗೆ ತಲೆ ಕೊಟ್ಟು ನಿಂತಿದ್ದವು. ಫೋನಿನಲ್ಲಿ ಪಕ್ಕದ ಮನೆಯ ಕಲ್ಯಾಣಮ್ಮ.

"ಯರ್ರಿಸ್ವಾಮೀ, ರೊಟ್ಟಿ ತಟ್ಟಾಕ ಕುಂತಾಕಿ ಹಂಗಾ ಬಾಜೂಕ ವಾಲಿದ್ಳಪ್ಪಾ. ಬಾಯಿ ಸೊಟ್ಟ ಆಗೈತಿ. ಕರದ್ರ ಮಾತಾಡವಲ್ಲಳು. ಗಾಡೀಗೆ ಫೋನ್ ಮಾಡೀವಿ, ನೀ ದಾವಣಗೆರಿಗೇ ಬಾ."

ಬೆನಕಪ್ಪ ಹೊಲದವರ ಬೈಕು ಕೇಳಿ ತಂದು ಕೊಟ್ಟ. ಹರಪನಹಳ್ಳಿ ದಾಟಿದ್ದು ಯರ್ರಿಸ್ವಾಮಿಗೆ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಸುಂಕಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಬಲಗೈ ಯಾರದೋ ಕೈಯನ್ನು ತಂದು ಪಕ್ಕದಲ್ಲಿಟ್ಟ ಹಾಗೆ ಬಿದ್ದಿತ್ತು. ಎದೆಯ ಬಾಗಿಲಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರೊಂದು ಕಿತ್ತುಕೊಂಡು ತಲೆಗೆ ಹೋಗಿ ಸಿಕ್ಕಿದೆ ಅಂತ ಡಾಕ್ಟರು ಹೇಳಿ ಹೋದರು. ಕೊಟ್ಟೂರಿನಿಂದ ಓಡಿಬಂದ ಭೂಮಿಕಾ ಅವ್ವನ ಕಾಲು ಹಿಡಿದುಕೊಂಡು ನಿಂತಿದ್ದಳು.

ವಾರ್ಡಿನ ಸಿಸ್ಟರ್ ಸುಜಾತಾ ಕಾಗದ ನೋಡುತ್ತ ಕೇಳಿದಳು. "ಗುಳಿಗಿ ಎಷ್ಟು ದಿನ ಬಿಟ್ಟಿದ್ರು?"

"ಒಂದಿನಾನೂ ಬಿಟ್ಟಿಲ್ರಿ."

"ಹಂಗಂದ್ರ ಹೆಂಗ್ರಿ? ರಕ್ತ ಎಷ್ಟು ಗಟ್ಟಿ ಆಗೈತಿ ನೋಡ್ರಿ. ತಗಂಡಿದ್ರ ಹಿಂಗ ಬರಲ್ಲ. ಎಲ್ಲಾರೂ ಬಿಟ್ಟಿಲ್ಲ ಅಂತಾನೇ ಹೇಳ್ತಾರ."

ಸುಂಕಮ್ಮ ಸುಳ್ಳು ಹೇಳುವವಳಲ್ಲ. ಇಂಥ ಹೊತ್ತಿನಲ್ಲಿ, ಮಾತಾಡಲಾರದೆ ಮಲಗಿದವಳ ಮೇಲೆ ಸುಳ್ಳಿನ ಅಪವಾದ ಬಂತಲ್ಲ ಅಂತ ಯರ್ರಿಸ್ವಾಮಿಗೆ ಸಂಕಟವಾಯಿತು.

"ಡಬ್ಬಿ ತರಿಸ್ತೀನಿ ತಡೀರಿ. ಅರವತ್ತು ಎಣಿಸಿ ಹಾಕಿ ಹೋಗೀನಿ. ಎಷ್ಟು ಉಳದಾವ ಅಂತ ನೀವಾ ಎಣಿಸ್ರಿ. ಆಮ್ಯಾಲ ಮಾತಾಡ್ರಿ."

ಮರುದಿನ ಕಲ್ಯಾಣಮ್ಮ ಬಟ್ಟೆಯ ಜತೆಗೆ ಡಬ್ಬಿಯನ್ನೂ ತಂದಳು. ಸುಜಾತಾ ಮೇಜಿನ ಮೇಲೆ ಕಾಗದ ಹಾಸಿ ಡಬ್ಬಿ ಬೋರಲು ಹಾಕಿದಳು. ಪೆನ್ನಿನ ತುದಿಯಿಂದ ಒಂದೊಂದನ್ನೇ ಸರಿಸುತ್ತ ಎಣಿಸಿದಳು. ಮೂವತ್ತೊಂದು. ಅವನು ಕುರಿ ಹಿಂದೆ ಹೋಗಿ ಸುಂಕಮ್ಮ ಬೀಳುವ ತನಕ ಇಪ್ಪತ್ತೊಂಬತ್ತು ದಿನ. ಒಂದೂ ತಪ್ಪಿರಲಿಲ್ಲ.

"ನೋಡಿದ್ರಾ?" ಅಂದ ಯರ್ರಿಸ್ವಾಮಿ. ಎರಡು ದಿನದಲ್ಲಿ ಮೊದಲ ಸಲ ಅವನ ದನಿ ನೆಟ್ಟಗಾಯಿತು. "ನನ್ನ ಹೆಣ್ತಿ ಹಂಗ ಮಾಡಾಕೆ ಅಲ್ರಿ."

ಸುಜಾತಾ ಕಾಗದದ ಮೇಲೆ ಬಗ್ಗಿದಳು.

"ಎಲ್ಲಾ ದೊಡ್ಡವೇ ಅದಾವಲ್ಲ್ರಿ ಇವು."

ಯರ್ರಿಸ್ವಾಮಿ ನೋಡಿದ. ಆ ಕಣ್ಣಿಗೆ ಎರಡನೆಯ ಸಲ ನೋಡುವುದು ಬೇಕಾಗಿರಲಿಲ್ಲ. ಓರೆಯಾಗಿ ಒಡೆದವುಗಳ ಅಗಲದ ಹೋಳು, ನೆಟ್ಟಗೆ ಒಡೆದವುಗಳ ಕೂದಲೆಳೆ ಹೆಚ್ಚಿನ ಹೋಳು, ಮೂವತ್ತಕ್ಕೆ ಮೂವತ್ತು ಕಾಗದದ ಮೇಲೆ ಇದ್ದವು. ಅವುಗಳ ಜೋಡಿ ಒಂದೂ ಇರಲಿಲ್ಲ. ಇಲ್ಲ, ಒಂದು ಇತ್ತು. ಕಾಗದದ ಮೂಲೆಯಲ್ಲಿ, ಅಕ್ಕಿನುಚ್ಚಿನ ಹಾಗೆ. ಬಿದ್ದ ಮರುದಿನ, ಶನಿವಾರ, ತಗೊಳ್ಳಬೇಕಾಗಿದ್ದದ್ದು ಅದು.

"ಸಣ್ಣವನ್ನಾ ಆರಿಸಿ ಆರಿಸಿ ತಗಂಡಾರ" ಅಂದಳು ಸುಜಾತಾ ಮೆಲ್ಲಗೆ. "ತಿಂಗಳಿಡೀ ಅರ್ಧಕ್ಕಿಂತ ಕಮ್ಮಿ ಬಿದ್ದೈತಿ. ಹಿಂಗ ಮುಂಚೇನೇ ಒಡದು ಕೂಡಿಡಬಾರದ್ರಿ. ಒಂದು ಒಡದು, ಅದ್ರ ಎರಡೂ ಹೋಳು ಮುಗದ ಮ್ಯಾಲೇ ಇನ್ನೊಂದು."

ಭೂಮಿಕಾ ಬಾಯಿಗೆ ಸೆರಗಿನಂತೆ ವೇಲು ಒತ್ತಿಕೊಂಡಳು.

"ನಾ ದಿನಾ ಕೇಳ್ತಿದ್ದೆ ಅಪ್ಪಾ, ತಗಂಡ್ಯಾ ಅಂತ. ಯಾವುದು ತಗಂಡಿ ಅಂತ ಕೇಳಲಿಲ್ಲ."

"ನಿನಗೇನು ಗೊತ್ತು ಕೂಸಾ."

"ಗೊತ್ತಿತ್ತಪ್ಪಾ. ಅವ್ವ ಯಾವತ್ತು ದೊಡ್ಡದು ತಗಂಡಾಳ ಹೇಳು?"

ಯರ್ರಿಸ್ವಾಮಿ ಹೇಳಲು ಹೋದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಒಂದು ದಿನವನ್ನಾದರೂ ಹುಡುಕಿ ತೆಗೆಯೋಣವೆಂದು ನೋಡಿದ. ರೊಟ್ಟಿಯ ಬುಟ್ಟಿಯಲ್ಲಿ ತುಂಡುರೊಟ್ಟಿ ಅವಳದು. ಅವನು ತಂದ ಪಾಲಿನ ಬಾಡು ಬೆಂದಾಗ ಅವನ ಗಂಗಾಳಕ್ಕೆ, ಮಗಳ ಗಂಗಾಳಕ್ಕೆ ತುಂಡು ಬೀಳುತ್ತಿತ್ತು. ಅವಳ ಗಂಗಾಳದಲ್ಲಿ ಏನಿರುತ್ತಿತ್ತು? ಅವನಿಗೆ ನೆನಪಾಗಲಿಲ್ಲ. ಮರೆತದ್ದಲ್ಲ. ನೋಡಿಯೇ ಇರಲಿಲ್ಲ. ಹತ್ತು ಮನೆಯ ಪಾಲಿನಲ್ಲಿ ಹುಣಸೆಬೀಜದಷ್ಟು ತಪ್ಪದವನು, ತನ್ನ ಮನೆಯ ಪಾಲು ಯಾರು ಹಾಕುತ್ತಾರೆ, ಕಡೆಗೆ ಯಾರು ತಗೊಳ್ಳುತ್ತಾರೆ ಅಂತ ಒಂದು ದಿನ ತಲೆಯೆತ್ತಿ ನೋಡಿರಲಿಲ್ಲ.

ಸುಜಾತಾ ಹೋಳುಗಳನ್ನು ಕಾಗದ ಸಮೇತ ಮಡಚಿದಳು.

"ಇನ್ನ ಒಡಿಯೋದೇನೂ ಬ್ಯಾಡ್ರಿ. ಡಾಕ್ಟ್ರು ಅರ್ಧದ ಅಳತೀದು ಇಡೀ ಗುಳಿಗೀನೇ ಬರದಾರ. ದಿನಕ್ಕೊಂದು ಹಂಗಾ ನುಂಗಿಸಿದ್ರಾತು."

ಅವನು ಮಡಚಿದ ಕಾಗದವನ್ನೇ ನೋಡುತ್ತ ಕೇಳಿದ.

"ಅದು ಮೊದ್ಲೂ ಸಿಗತಿತ್ತೇನ್ರಿ?"

"ಸಿಗತಿತ್ತು. ಎಲ್ಲಾ ಅಂಗಡ್ಯಾಗ ಇಡಲ್ಲ. ಕೇಳಿದ್ರ ತರಿಸಿ ಕೊಡ್ತಾರ."

ಮೂರು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ರಕ್ತ ಸರಿ ಅಳತೆಗೆ ಬಂದಿತ್ತು. ಪ್ರಾಣಕ್ಕೆ ಇನ್ನು ಅಪಾಯವಿಲ್ಲ ಅಂದರು. ಬಲಗೈ ಬಲಗಾಲಿಗೆ ದಿನಾ ಎಣ್ಣೆ ತಿಕ್ಕಿ ಆಡಿಸಬೇಕು, ಎಷ್ಟು ಬರುತ್ತದೋ ಅಷ್ಟು. ಮಾತಿನ ವಿಷಯ ಕೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮಾತಿನ ಕಣಜವೇ ಕೆಟ್ಟಿದೆ, ಒಳಗೆ ಎಷ್ಟು ತಿಳಿಯುತ್ತದೋ ಹೇಳುವುದು ಕಷ್ಟ ಅಂದರು. ಕೆಲವರಿಗೆ ಎಲ್ಲ ಹೋಗಿ ಒಂದೇ ಒಂದು ಮಾತು ನಾಲಿಗೆಯ ಮೇಲೆ ಉಳಿಯುತ್ತದೆ. ಯಾರಿಗೆ ಯಾವುದು ಅಂತ ಇಲ್ಲ. ಒಬ್ಬೊಬ್ಬರಿಗೆ ದಿನಾ ಆಡಿ ಆಡಿ ಸವೆದ ಮಾತೇ ಉಳಿದಿರುತ್ತದೆ.

ಊರಿಗೆ ಬಂದ ನಾಲ್ಕನೆಯ ದಿನ ಆ ಮಾತು ಬಂತು. ಭೂಮಿಕಾ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ ನೀರು ಕುಡಿಸುತ್ತಿದ್ದಳು. ಗಂಟಲಲ್ಲಿ ಏನೋ ಉರುಳಿದಂತಾಗಿ, ಸೊಟ್ಟ ತುಟಿ ಅಲುಗಿತು.

"ಸಾಕು."

ಭೂಮಿಕಾ ಲೋಟ ಬಿಟ್ಟು ಹೊರಗೆ ಓಡಿದಳು. "ಅಪ್ಪಾ! ಅವ್ವ ಮಾತಾಡಿದ್ಳು!"

ಯರ್ರಿಸ್ವಾಮಿ ಒಳಗೆ ಬಂದ. ಕಲ್ಯಾಣಮ್ಮನೂ ಬಂದಳು. ಸುತ್ತ ಕೂತರು.

"ಅವ್ವಾ, ನಾ ಯಾರು ಹೇಳು?" ಅಂದಳು ಭೂಮಿಕಾ.

"ಸಾಕು."

"ಸುಂಕೀ, ನಾ ಕಲ್ಯಾಣಕ್ಕ. ಗುರುತು ಸಿಕ್ತಾ?"

"ಸಾಕು."

"ಅಪ್ಪನ ಹೆಸರು ಹೇಳಬೇ."

"ಸಾಕು", ಅಂದಳು ಸುಂಕಮ್ಮ, ಗಂಡನ ಕಡೆ ಕಣ್ಣು ತಿರುಗಿಸಿ. ಕಲ್ಯಾಣಮ್ಮ ಎದ್ದು ಹೊರಗೆ ಹೋದಳು.

ಬೆನಕಪ್ಪ ಕೋಗಳಿ ಕಡೆಯಿಂದ ಹಿಂಡು ಹೊಡಕೊಂಡು ಬಂದ. ಬಂದ ಖುಷಿಗೆ ಓಣಿಯವರು ಒಂದು ಹೋತ ತಂದು ಕಟ್ಟಿದರು. ಪಾಲಿಗೆ ಕರೆಯಲು ಬಂದವರಿಗೆ ಯರ್ರಿಸ್ವಾಮಿ, ನನ್ನ ಕಣ್ಣು ಮಂದ ಆಗ್ಯಾವ, ತಕ್ಕಡಿ ತರಿಸ್ರಿ ಅಂದು ಕಳಿಸಿದ. ಕಣ್ಣಿಗೇನೂ ಆಗಿರಲಿಲ್ಲ.

ಭೂಮಿಕಾ ಕಾಲೇಜಿಗೆ ಹೋದ ಮೇಲೆ ಉಣಿಸುವುದು, ತೊಳೆಯುವುದು, ಕೂದಲು ಬಾಚುವುದು ಎಲ್ಲ ಅವನದೇ. ಹೊಸ ಗುಳಿಗಿಗೆ ಏನೂ ಮಾಡುವ ಹಾಗಿರಲಿಲ್ಲ. ಹಾಳೆಯಿಂದ ಒತ್ತಿ ತೆಗೆದು ನಾಲಿಗೆಯ ಮೇಲೆ ಇಟ್ಟರೆ ಮುಗಿಯಿತು. ಅಷ್ಟು ಸಲೀಸಾದ ಕೆಲಸ ಮಾಡುವಾಗಲೆಲ್ಲ ಅವನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನವಣೆ ಗಂಜಿ ಮಾಡಿಕೊಂಡು ಅವಳ ಮುಂದೆ ಕೂತ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎದೆಯೊಳಗಿನ ಟಿಕ್ ಟಿಕ್ ಇಬ್ಬರಿಗೂ ಕೇಳುತ್ತಿತ್ತು. ಕೇಳಬಾರದು ಅಂತ ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದನ್ನು ಕೇಳಿಯೇ ಬಿಟ್ಟ.

"ಸುಂಕೀ, ಸಣ್ಣವನ್ನಾ ಯಾಕ ಆರಿಸಿದಿ ಲೇ? ನಿನ್ನ ಪಾಲು ಬ್ಯಾರೆ ಯಾರು ತಗಂತಿದ್ರು? ಅದರಾಗ ನನಗ ಪಾಲಿತ್ತಾ? ಮಗಳಿಗಿತ್ತಾ?"

ಅವಳು ಅವನನ್ನೇ ನೋಡಿದಳು. ಕಣ್ಣಿನಲ್ಲಿ ನೀರು ಕೂಡಿತು. ಅದು ಅವನ ಮಾತು ತಿಳಿದು ಬಂದದ್ದೋ, ಆ ಕಣ್ಣು ಈಗ ಸುಮ್ಮನೆ ಒಸರುತ್ತಿದ್ದುದರಿಂದ ಬಂದದ್ದೋ.

"ಸ...ಸಾಕು", ಅಂದಳು.

ಸಣ್ಣದೇ ನನಗೆ ಸಾಕು ಅಂದಳೋ. ಇನ್ನು ಕೇಳಬೇಡ, ಸಾಕು ಅಂದಳೋ. ಬದುಕಿದ್ದು ಸಾಕು ಅಂದಳೋ. ಕುರಿ ಸಾಕಿ ಬದುಕಿದವನಿಗೆ ಆ ಮಾತು ಇನ್ನೊಂದು ಬಗೆಯಲ್ಲೂ ಕೇಳಿಸಿತು. ಯಾವುದನ್ನು ಹಿಡಿಯಬೇಕೋ ಹೇಳುವವರು ಇರಲಿಲ್ಲ. ಇನ್ನು ಮುಂದೆ ಎಂದೂ ಇರುವುದಿಲ್ಲ ಅನ್ನುವುದು ಅವನಿಗೆ ಆ ಮಧ್ಯಾಹ್ನ ಪೂರಾ ತಿಳಿಯಿತು.

ಚಮಚ ತುಂಬಿ ಅವಳ ತುಟಿಗೆ ಹಿಡಿದ. ಎರಡು ತುತ್ತು ಇಳಿಯಿತು. ಮೂರನೆಯದಕ್ಕೆ ಅವಳು ಮುಖ ತುಸು ಆಚೆ ಮಾಡಿದಳು.

"ಸಾಕು."

ಇಪ್ಪತ್ತೈದು ವರ್ಷ, ಅವಳು ಸಾಕು ಅಂದದ್ದನ್ನು ಅವನು ನಂಬಿಕೊಂಡು ಬಂದಿದ್ದ. ಅಂದ ಕೂಡಲೇ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಿದ್ದ.

"ಇನ್ನೊಂದು ತುತ್ತು" ಅಂದ.

"ಸಾಕು."

"ಸಾಕಾಗಿಲ್ಲ ನಿನಗ. ನನಗ ಗೊತ್ತೈತಿ. ಬಾಯಿ ತಗಿ."

ಅವಳು ಬಾಯಿ ತೆರೆಯಲಿಲ್ಲ. ಯರ್ರಿಸ್ವಾಮಿ ಚಮಚವನ್ನು ಕೆಳಗಿಡಲಿಲ್ಲ. ಗಂಜಿಯ ಮೇಲೆ ಕೆನೆ ಕಟ್ಟಿತು, ಅವನು ಕಾಯುತ್ತಲೇ ಕೂತ.